ಜೂನ್ ತಿಂಗಳ ಹೊಟ್ಟೆನೋವು: ಸ್ಕೂಲಿಗೆ ಮರಳುವ ಭಯವನ್ನು ನಿಭಾಯಿಸೋದು ಹೇಗೆ?

ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರಿಗೆ, ಥಾಣೆ ಲೋಕಲ್‌ನಲ್ಲಿ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಓದೋರಿಗೆ ಅಂತ ಈ ವಾರದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಅಲ್ಲಿ ಇಲ್ಲಿ ಹೋಗಿದ್ದನ್ನು ಸ್ವಲ್ಪ ಜೋಡಿಸಿದ್ದೇನೆ, ಅಷ್ಟೇ.

ಈ ಸಲದ ವಿಷಯ, ರಜೆ ಮುಗಿದ ಮೇಲೆ ಸ್ಕೂಲಿಗೆ ಹೋಗೋಕೆ ಹೆದರುವ ಮಕ್ಕಳು. ನಾನು ಮುಂಬ್ರಾ, ಥಾಣೆ ಕಡೆ ಮಕ್ಕಳ ಕೌನ್ಸೆಲರ್ ಆಗಿ ಕೆಲಸ ಮಾಡೋಳು. ಮೇ ಕೊನೆಯಿಂದ ಜುಲೈ ಅರ್ಧದವರೆಗೆ ನನಗೆ ಬರುವ ಕನ್ನಡದ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಥರ ಶುರುವಾಗ್ತವೆ: "ಮೇಡಂ, ಬೆಂಗಳೂರಲ್ಲಿ ಸರಿಯಾಗೇ ಹೋಗ್ತಿದ್ದ. ಇಲ್ಲಿಗೆ ಬಂದ ಮೇಲೆ ದಿನಾ ಬೆಳಿಗ್ಗೆ ಹೊಟ್ಟೆನೋವು ಅಂತಾನೆ." ಐರೋಲಿ, ಮಹಾಪೆ, ಘನ್ಸೋಲಿ ಕಡೆಯ ಆಫೀಸುಗಳಿಗೆ ವರ್ಗವಾಗಿ ಬಂದು ಮುಂಬ್ರಾ, ದಿವಾ, ಡೊಂಬಿವಲಿ, ಕಲ್ಯಾಣ್ ಕಡೆ ಮನೆ ಮಾಡಿದವರಿಗೆ ಇದು ಹೊಸ ಮಾತಲ್ಲ.

ಒಂದು ಕುಟುಂಬದ ಉದಾಹರಣೆ ಇಟ್ಟುಕೊಂಡು ಹೇಳ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಊರು ಹಾಸನ ಕಡೆ. ಅಪ್ಪ ಐರೋಲಿಯಲ್ಲಿ, ಅಮ್ಮ ವಾರಕ್ಕೆ ಮೂರು ದಿನ ಮಹಾಪೆಯಲ್ಲಿ. ಮನೆ ಮುಂಬ್ರಾದಲ್ಲಿ. ನಾಲ್ಕನೇ ಕ್ಲಾಸಿನ ಮಗಳು ಜೂನ್‌ನಲ್ಲಿ ಹೊಸ ಸ್ಕೂಲಿಗೆ ಸೇರಿದಳು, ನಾಲ್ಕು ದಿನ ಹೋದಳು, ಐದನೇ ದಿನ ವಾಂತಿ ಮಾಡಿಕೊಂಡಳು. ಆಮೇಲೆ ಹನ್ನೊಂದು ದಿನ ಮನೆಯಲ್ಲೇ. ಊರಿಂದ ಅಜ್ಜಿ ದಿನಾ ಫೋನ್ ಮಾಡಿ "ಪಾಪ ಮಗೂನ ಯಾಕೆ ಹಿಂಸೆ ಮಾಡ್ತೀರ, ಇಲ್ಲಿಗೆ ಕಳ್ಸಿ, ನಾನ್ ನೋಡ್ಕೋತೀನಿ" ಅಂತಿದ್ದರು. ಅಮ್ಮ ಕೆಲಸ ಬಿಟ್ಟು ಮಗಳ ಜೊತೆ ಹಾಸನಕ್ಕೆ ಹೋಗಿಬಿಡೋದು ಅಂತ ತೀರ್ಮಾನದ ಅಂಚಿಗೆ ಬಂದಿದ್ದರು. ಮಗುವಿನ ಹೊಟ್ಟೆನೋವಿನ ಜೊತೆ ಒಂದು ಕೆಲಸ, ಒಂದು ಸಂಸಾರ ಒಟ್ಟಿಗಿರೋದು, ಎಲ್ಲ ಗಂಟು ಹಾಕಿಕೊಂಡಿತ್ತು. ಹಾಗಾಗಿ ಇದನ್ನು "ಎಲ್ಲ ಮಕ್ಕಳೂ ಅಳ್ತಾರೆ ಬಿಡಿ" ಅಂತ ತೇಲಿಸುವ ಹಾಗಿಲ್ಲ.

ನಮ್ಮ ಮಕ್ಕಳಿಗೆ ಜೂನ್ ಯಾಕೆ ಕಷ್ಟ

ಕರ್ನಾಟಕದಲ್ಲಿ ರಾಜ್ಯ ಪಠ್ಯದ ಶಾಲೆಗಳು ಮೇ ಕೊನೆಯಲ್ಲೇ ತೆರೀತವೆ. ಮಹಾರಾಷ್ಟ್ರದಲ್ಲಿ ವಿದರ್ಭ ಬಿಟ್ಟು ಉಳಿದ ಕಡೆ ಜೂನ್ 15ರ ಸುಮಾರಿಗೆ. 2025ರಲ್ಲಿ 15 ಭಾನುವಾರ ಆಗಿದ್ದರಿಂದ 16ಕ್ಕೆ ಶುರುವಾಯಿತು. ಇಲ್ಲಿನ ಅನೇಕ ಸಿಬಿಎಸ್‌ಇ ಶಾಲೆಗಳಲ್ಲಿ ಏಪ್ರಿಲ್‌ನಲ್ಲೇ ವರ್ಷ ಶುರುವಾಗಿ, ಕೆಲವು ವಾರ ಪಾಠ ನಡೆದು, ಮೇ ರಜೆ ಕೊಟ್ಟು, ಮತ್ತೆ ಜೂನ್‌ನಲ್ಲಿ ತೆರೀತಾರೆ. ಅಂದರೆ ಬೆಂಗಳೂರಿಂದ ಜೂನ್‌ನಲ್ಲಿ ಬಂದ ಮಗು ಹೊಸ ವರ್ಷದ ಮೊದಲ ದಿನಕ್ಕೆ ಬಂದೆ ಅಂದುಕೊಂಡಿರುತ್ತೆ. ಒಳಗೆ ಹೋದರೆ ಎಲ್ಲರಿಗೂ ಬೆಂಚು, ಜೋಡಿ, ಅಡ್ಡಹೆಸರು ಎಲ್ಲ ಆಗಲೇ ಫಿಕ್ಸ್ ಆಗಿರುತ್ತೆ.

ಅದೇ ಹೊತ್ತಿಗೆ ಮಳೆ. ಮುಂಬಯಿಗೆ ಮುಂಗಾರು ಬರೋದು ಸಾಮಾನ್ಯವಾಗಿ ಜೂನ್ ಎರಡನೇ ವಾರ. ಪಾರ್ಸಿಕ್ ಗುಡ್ಡದ ಮೇಲೆ ಮೋಡ ಇಳಿದ ಬೆಳಿಗ್ಗೆ, ಒದ್ದೆ ರೈನ್‌ಕೋಟ್, ನೀರು ನಿಂತ ರಸ್ತೆ, ತಡವಾಗಿ ಬರುವ ವ್ಯಾನ್. ದೊಡ್ಡವರಿಗೇ ಹೊರಡೋಕೆ ಮನಸ್ಸಾಗಲ್ಲ.

ಮೂರನೆಯದು ಭಾಷೆ. ಮಹಾರಾಷ್ಟ್ರದಲ್ಲಿ 2020ರ ಕಾನೂನಿನ ಪ್ರಕಾರ ಯಾವ ಬೋರ್ಡ್ ಆದರೂ 1ರಿಂದ 10ನೇ ತರಗತಿವರೆಗೆ ಮರಾಠಿ ಕಡ್ಡಾಯ. ಕರ್ನಾಟಕದಲ್ಲೂ 2015ರ ಕನ್ನಡ ಕಲಿಕೆ ಕಾಯ್ದೆ ಇದೆ, ಅಲ್ಲಿಗೆ ಬಂದ ಮರಾಠಿ ಮಗುವಿಗೂ ಇದೇ ಕಷ್ಟ. ಕಾನೂನು ಸರಿಯೋ ತಪ್ಪೋ ಅನ್ನೋದು ಇವತ್ತಿನ ಚರ್ಚೆ ಅಲ್ಲ. ಆದರೆ ಮೂರು ವರ್ಷದಿಂದ ಮರಾಠಿ ಓದುತ್ತಿರುವ ಕ್ಲಾಸಿನಲ್ಲಿ ಒಂದಕ್ಷರ ಗೊತ್ತಿಲ್ಲದೆ ಕೂರುವ ಮಗುವಿನ ಜಾಗದಲ್ಲಿ ನಿಂತು ಒಂದು ಸಲ ನೋಡಿ. ಹೊಸ ಪ್ರಾಜೆಕ್ಟಿಗೆ ಸೇರಿದ ದಿನ ಸ್ಟ್ಯಾಂಡ್-ಅಪ್ ಮೀಟಿಂಗ್ ಪೂರ್ತಿ ನಿಮಗೆ ಬರದ ಭಾಷೆಯಲ್ಲಿ ನಡೆದರೆ ಹೇಗಿರುತ್ತೆ?

ಕೋವಿಡ್ ಕಾಲದ ಬಾಕಿ ಕೂಡ ಇದೆ. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆಗಳು ಮಹಾರಾಷ್ಟ್ರದ ನಗರಗಳಲ್ಲಿ 8ನೇ ತರಗತಿಯಿಂದ ಮೇಲಿನವರಿಗೆ 2021ರ ಅಕ್ಟೋಬರ್ 4ಕ್ಕೆ ತೆರೆದವು, ಚಿಕ್ಕವರಿಗೆ ಡಿಸೆಂಬರ್‌ನಲ್ಲಿ. 2022ರ ಜನವರಿಯಲ್ಲಿ ಮತ್ತೆ ಮುಚ್ಚಿ, ತಿಂಗಳ ಕೊನೆಯಲ್ಲಿ ಮತ್ತೆ ತೆರೆದರು. 2020ರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಗೇಟಿನ ಹತ್ತಿರ ಅಪ್ಪ ಅಮ್ಮನ ಕೈ ಬಿಡುವ ಅಭ್ಯಾಸವನ್ನು ಆ ವಯಸ್ಸಿನಲ್ಲಿ ಮಾಡಲೇ ಇಲ್ಲ. ಎಷ್ಟೋ ಮಕ್ಕಳು ಆಮೇಲೆ ಹೊಂದಿಕೊಂಡರು. ಕೆಲವರಲ್ಲಿ ಊರು ಬದಲಾದಾಗ ಹಳೇದು ಮೇಲೆ ಬರುತ್ತೆ.

ಹೊಟ್ಟೆನೋವು ನಾಟಕ ಅಲ್ಲ

ಹೆದರಿಕೆ ಆದಾಗ ಮೆದುಳು "ಅಪಾಯ ಇದೆ" ಅಂತ ಅಲಾರಂ ಹೊಡೆಯುತ್ತೆ. ಅಡ್ರಿನಲಿನ್ ಬಿಡುಗಡೆಯಾಗುತ್ತೆ, ಎದೆ ಬಡಿತ ಜೋರಾಗುತ್ತೆ, ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲಿನ ಮಾಂಸಖಂಡಗಳ ಕಡೆ ಹೋಗುತ್ತೆ, ಜೀರ್ಣದ ಕೆಲಸ ನಿಧಾನವಾಗುತ್ತೆ. ಓಡೋಕೆ ಅಥವಾ ಹೊಡೆದಾಡೋಕೆ ದೇಹ ಸಿದ್ಧವಾಗುವ ರೀತಿ ಇದು. ನಾಯಿ ಅಟ್ಟಿಸಿಕೊಂಡು ಬಂದರೆ ತುಂಬಾ ಉಪಯೋಗ. ಊಟದ ಡಬ್ಬಿ ಹಿಡಿದು ವ್ಯಾನ್‌ಗೆ ಕಾಯುವಾಗ ಇದೇ ಹೊಟ್ಟೆ ತೊಳಸು, ವಾಂತಿ, ತಲೆನೋವು, ಪದೇ ಪದೇ ಬಾತ್‌ರೂಮ್ ಆಗಿ ಕಾಣಿಸುತ್ತೆ.

ಮಗುವಿಗೆ ನಿಜವಾಗಿ ನೋಯ್ತಿರುತ್ತೆ. ಹತ್ತು ಗಂಟೆಗೆ ವ್ಯಾನ್ ಹೋದ ಮೇಲೆ ಅದೇ ಮಗು ದೋಸೆ ತಿಂದು ಕಾರ್ಟೂನ್ ನೋಡ್ತಾ ಕೂತಿರುತ್ತೆ. ಅದನ್ನು ನೋಡಿ ನಮಗೆ "ನಾಟಕ ಆಡ್ತಾನೆ" ಅನ್ನಿಸುತ್ತೆ. ನಾಟಕ ಅಲ್ಲ, ಅಲಾರಂ ನಿಂತಿತು, ನೋವು ಹೋಯಿತು. ಭಾನುವಾರ ರಾತ್ರಿ ಶುರು, ಶನಿವಾರ ಇಲ್ಲ, ರಜೆಯಲ್ಲಿ ಇಲ್ಲ. ಈ ಥರ ಕ್ಯಾಲೆಂಡರ್ ನೋಡಿಕೊಂಡು ಬರುವ ನೋವಾದರೆ ಹೆದರಿಕೆಯ ಗುಮಾನಿ ಇಡಬಹುದು. ಹಾಗಂತ ಮೊದಲೇ ಅದೇ ಅಂತ ತೀರ್ಮಾನಿಸಬೇಡಿ. ಒಂದು ಸಲ ಮಕ್ಕಳ ಡಾಕ್ಟರಿಗೆ ತೋರಿಸಿ. ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು, ಜ್ವರ, ತೂಕ ಇಳಿಯೋದು, ರಕ್ತ ಇವೆಲ್ಲ ಇದ್ದರೆ ಅದು ಬೇರೆಯೇ ವಿಷಯ.

ಒಂದು ದಿನ ಮನೆಯಲ್ಲಿ ಇಟ್ಟುಕೊಂಡರೆ ಏನಾಗುತ್ತೆ

ಇದು ಇಡೀ ಮಾತಿನ ಮುಖ್ಯ ಭಾಗ, ನಿಧಾನವಾಗಿ ಓದಿ.

ಮಗು ಹೆದರುತ್ತೆ. "ಇವತ್ತೊಂದು ದಿನ ಬೇಡ" ಅಂತೀವಿ. ಮಗುವಿಗೆ ತಕ್ಷಣ ಹಾಯೆನಿಸುತ್ತೆ. ಆ ಹಾಯೆನಿಸುವಿಕೆಯಿಂದ ಮೆದುಳು ಒಂದು ಪಾಠ ಕಲಿಯುತ್ತೆ: "ಹೋಗಲಿಲ್ಲ, ಅದಕ್ಕೇ ಬಚಾವಾದೆ." ಮರುದಿನ ಅಲಾರಂ ಇನ್ನೂ ಬೇಗ, ಇನ್ನೂ ಜೋರಾಗಿ ಹೊಡೆಯುತ್ತೆ. ಜೊತೆಗೆ ಒಂದು ದಿನದ ನೋಟ್ಸ್ ಬಾಕಿ, "ನಿನ್ನೆ ಯಾಕೆ ಬಂದಿಲ್ಲ?" ಅನ್ನೋ ಪ್ರಶ್ನೆಯ ಭಯ. ಮೂರನೇ ದಿನ ಇದು ಮೂರರಷ್ಟಾಗಿರುತ್ತೆ. ಸಾಲದ ಬಡ್ಡಿ ಬೆಳೆಯೋ ಹಾಗೆ.

ಇದರ ಉಲ್ಟಾ ಕೂಡ ನಿಜ. ಹೆದರಿಕೆ ಒಂದೇ ಎತ್ತರದಲ್ಲಿ ದಿನವಿಡೀ ಇರೋಕೆ ಆಗಲ್ಲ. ಏರುತ್ತೆ, ತುದಿ ಮುಟ್ಟುತ್ತೆ. ಅಪಾಯ ಏನೂ ಆಗದೆ ಅಲ್ಲೇ ಕೂತಿದ್ದರೆ ತಾನೇ ಇಳಿಯುತ್ತೆ. ಆ ಇಳಿಜಾರನ್ನು ಮಗು ಸ್ಕೂಲಿನ ಒಳಗಿದ್ದೇ ಅನುಭವಿಸಬೇಕು. ತುದಿಯಲ್ಲಿರುವಾಗಲೇ ಮನೆಗೆ ಕರೆತಂದರೆ ಇಳಿಜಾರು ಇದೆ ಅನ್ನೋದೇ ಅದಕ್ಕೆ ಗೊತ್ತಾಗಲ್ಲ.

ಹಾಗಾದರೆ ಎಳೆದುಕೊಂಡು ಹೋಗಿ ಬಿಟ್ಟು ಬರೋದಾ? ಒಂದೆರಡು ದಿನದ ಸಾಧಾರಣ ಅಳುವಿಗೆ, ಟೀಚರ್ ಒಳ್ಳೆಯವರಾದರೆ, ಬೇಗ ಟಾಟಾ ಹೇಳಿ ಹೊರಟುಬಿಡೋದೇ ಒಳ್ಳೆಯದು. ಆದರೆ ವಾರಗಟ್ಟಲೆ ಮನೆಯಲ್ಲಿ ಕೂತ ಮಗುವನ್ನು ಒಂದೇ ಸಲ ಪೂರ್ತಿ ದಿನಕ್ಕೆ ತಳ್ಳಿದರೆ ಮತ್ತೆ ಮುರಿದುಬೀಳುವ ಸಾಧ್ಯತೆ ಹೆಚ್ಚು. ಅವರಿಗೆ ಮೆಟ್ಟಿಲು ಬೇಕು. ಮೆಟ್ಟಿಲು ಕಟ್ಟೋಕೆ ಮೊದಲು ಭಯ ಯಾವುದು ಅಂತ ಗೊತ್ತಾಗಬೇಕು.

"ಸ್ಕೂಲ್ ಭಯ" ಅಂತ ಒಂದೇ ಭಯ ಇಲ್ಲ

1941ರಲ್ಲಿ ಅಮೆರಿಕದ ಅಡಿಲೇಡ್ ಜಾನ್ಸನ್ ಮತ್ತು ಸಂಗಡಿಗರು ಇಂಥ ಮಕ್ಕಳ ಬಗ್ಗೆ ಬರೆಯುತ್ತಾ "ಸ್ಕೂಲ್ ಫೋಬಿಯಾ" ಅನ್ನೋ ಹೆಸರು ಬಳಸಿದರು. ಅವರಿಗೆ ಕಂಡಿದ್ದು ಮುಖ್ಯವಾಗಿ ಅಮ್ಮನನ್ನು ಬಿಟ್ಟಿರುವ ಭಯ. ಈಗ ಆ ಹೆಸರು ಕಡಿಮೆಯಾಗಿದೆ, ಯಾಕಂದರೆ ಒಳಗಿನ ಕಾರಣಗಳು ಬೇರೆ ಬೇರೆ. "ಯಾಕೆ ಹೋಗಲ್ಲ?" ಅಂತ ಕೇಳಿದರೆ ಮಗು "ಗೊತ್ತಿಲ್ಲ" ಅನ್ನುತ್ತೆ. ಅದಕ್ಕೆ ನಿಜವಾಗಿ ಗೊತ್ತಿರಲ್ಲ. ಬದಲಿಗೆ ಒಂದು ಹಾಳೆಯಲ್ಲಿ ದಿನವನ್ನು ತುಂಡು ತುಂಡು ಮಾಡಿ ಬರೀರಿ: ಏಳೋದು, ವ್ಯಾನ್, ಗೇಟು, ಪ್ರಾರ್ಥನೆ, ಮೊದಲ ಪೀರಿಯಡ್, ಬಾತ್‌ರೂಮ್, ಡಬ್ಬಿ, ಮರಾಠಿ ಪೀರಿಯಡ್, ಆಟ, ವಾಪಸ್. ಒಂದೊಂದಕ್ಕೂ 0ರಿಂದ 10ರವರೆಗೆ ಎಷ್ಟು ಭಯ ಅಂತ ಮಗುವಿನ ಕೈಯಲ್ಲೇ ಅಂಕ ಹಾಕಿಸಿ. ಸಂಜೆ, ಹೊಟ್ಟೆ ತುಂಬಿದ ಮೇಲೆ. ಬೆಳಿಗ್ಗೆ ಬೇಡ.

ನಾನು ಹೇಳಿದ ಹುಡುಗಿ ಹಾಕಿದ ಅಂಕ ನೋಡಿ ಅಪ್ಪ ಅಮ್ಮನಿಗೆ ಆಶ್ಚರ್ಯ. ಗೇಟು 4. ಪ್ರಾರ್ಥನೆ 2. ಗಣಿತ 0. ಮರಾಠಿ ಪೀರಿಯಡ್ 8. ಬಾತ್‌ರೂಮ್ 9. ಮರಾಠಿ ಟೀಚರ್ ಹತ್ತಿರ ಬಾತ್‌ರೂಮಿಗೆ ಹೋಗಬೇಕು ಅಂತ ಹೇಗೆ ಕೇಳೋದು ಗೊತ್ತಿಲ್ಲದೆ, ಎರಡನೇ ದಿನದಿಂದ ಅವಳು ನೀರು ಕುಡಿಯೋದೇ ಬಿಟ್ಟಿದ್ದಳು. ಇನ್ನೊಂದು ಸಾಲು ಅವಳೇ ಸೇರಿಸಿದಳು: "ಅಪ್ಪ ಟ್ರೇನ್" ಅಂತ. ಅದಕ್ಕೆ 10.

ಇಡೀ "ಸ್ಕೂಲ್ ಭಯ" ಮೂರು ತುಂಡಾಯಿತು. ಒಂದು ಭಾಷೆ, ಒಂದು ಬಾತ್‌ರೂಮ್, ಒಂದು ರೈಲು. ಮೂರಕ್ಕೂ ಮದ್ದು ಬೇರೆ.

ಕೆಲವು ಮಕ್ಕಳ ಹಾಳೆಯಲ್ಲಿ ಅಂಕ ವ್ಯಾನ್ ಮೇಲೆ ಅಥವಾ ಒಬ್ಬ ಟೀಚರ್ ಮೇಲೆ ಏರಿರುತ್ತೆ. ಅಲ್ಲಿ ಕೀಟಲೆ, ಹೊಡೆತ, ಮುಟ್ಟಬಾರದ ಕಡೆ ಮುಟ್ಟೋದು ಏನಾದರೂ ಇದೆಯಾ ಅಂತ ಮೊದಲು ತಿಳಿಯಬೇಕು. ನಿಜವಾದ ಅಪಾಯಕ್ಕೆ ಮಗುವನ್ನು ಒಗ್ಗಿಸೋದಲ್ಲ, ಅಪಾಯ ನಿಲ್ಲಿಸೋದು ನಮ್ಮ ಕೆಲಸ. ಹೊಡೆಯೋದು, ಮಾನಸಿಕ ಹಿಂಸೆ ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸುತ್ತೆ. ಬರವಣಿಗೆಯಲ್ಲಿ ದೂರು ಕೊಡಿ. ಮಕ್ಕಳ ಸಹಾಯವಾಣಿ 1098.

ಭಾಷೆಯ ಭಯ: ನಾಲ್ಕು ವಾಕ್ಯ ಸಾಕು

ಮಗು ಮರಾಠಿ ಕಲಿಯುವವರೆಗೆ ಭಯ ಹೋಗಲ್ಲ ಅಂತ ತಕ್ಷಣ ಟ್ಯೂಷನ್ ಹಾಕಬೇಡಿ. ಮೊದಲ ವಾರಕ್ಕೆ ಬೇಕಾಗಿರೋದು ಪ್ರಾಣ ಉಳಿಸುವ ನಾಲ್ಕು ವಾಕ್ಯ. "ಬಾಥ್‌ರೂಮ್‌ಲಾ ಜಾವೂ ಕಾ?" ಬಾತ್‌ರೂಮಿಗೆ ಹೋಗಲಾ? "ಪಾಣಿ ಪಿವೂ ಕಾ?" ನೀರು ಕುಡೀಲಾ? "ಮಲಾ ಸಮಜಲಂ ನಾಹಿ." ನನಗೆ ಅರ್ಥ ಆಗಲಿಲ್ಲ. "ಪುನ್ಹಾ ಸಾಂಗಾ." ಮತ್ತೊಂದು ಸಲ ಹೇಳಿ. ಕನ್ನಡ ಅಕ್ಷರದಲ್ಲೇ ಬರೆದು ಕಂಪಾಸ್ ಬಾಕ್ಸ್‌ನಲ್ಲಿ ಇಟ್ಟುಕೊಡಿ. ಮನೆಯಲ್ಲಿ ಅಪ್ಪ ಟೀಚರ್ ಆಗಿ, ಮಗು ಕೇಳಿ ಕೇಳಿ ಆಟ ಆಡಲಿ. ಕೆಲಸದವರು, ತರಕಾರಿ ಅಂಗಡಿಯವರು ಮರಾಠಿ ಆಡುವವರಾದರೆ ಅವರ ಹತ್ತಿರವೂ ಒಂದೊಂದು ಸಲ ಆಡಿ ನೋಡಲಿ.

ಕನ್ನಡ ಮಗುವಿಗೆ ಇಲ್ಲಿ ಸ್ವಲ್ಪ ಅನುಕೂಲವೂ ಇದೆ, ಅದನ್ನು ಹೇಳಿ. ಹಿಂದಿ ಮಕ್ಕಳ ನಾಲಿಗೆ ತಿರುಗದ ಳ ಅಕ್ಷರ ಮರಾಠಿಯಲ್ಲಿದೆ, ನಮ್ಮ ಮಗುವಿಗೆ ಅದು ಹುಟ್ಟಿನಿಂದ ಬರುತ್ತೆ. ಶಾಲೆ ಅಲ್ಲಿ "ಶಾಳಾ". ತುಪ್ಪ "ತೂಪ್". ಅಕ್ಕ, ಅಣ್ಣ ಅಲ್ಲಿಯೂ ಕೇಳಿಸುತ್ತೆ. ಕರಾವಳಿಯ ಬಟಾಟೆ "ಬಟಾಟಾ". ಹುಬ್ಬಳ್ಳಿ ಕಡೆಯವರ "ಸೂಟಿ" ಇಲ್ಲಿ "ಸುಟ್ಟಿ", ಎರಡೂ ರಜೆಯೇ. ನಗೋಕೂ ಒಂದಿದೆ: ಮರಾಠಿ ಶಾಲೆಗಳಲ್ಲಿ ಮೇಡಂಗೆ "ಬಾಯಿ" ಅಂತಾರೆ. "ಬಾಯಿ ಬಂದ್ರು" ಅಂದರೆ ನಮ್ಮ ಮಕ್ಕಳಿಗೆ ನಗು ತಡೆಯೋಕಾಗಲ್ಲ. ಭಯದ ಪೀರಿಯಡ್ ಬಗ್ಗೆ ಮನೆಯಲ್ಲಿ ಒಂದು ಸಲ ನಗು ಬಂದರೆ 8ರ ಅಂಕ 6ಕ್ಕೆ ಇಳಿದ ಹಾಗೆ.

ಇನ್ನೊಂದು ಗಮನಿಸಿ. ಹೊಸ ಭಾಷೆಯ ನಡುವೆ ಬಿದ್ದ ಮಕ್ಕಳು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ ಬಾಯಿ ಬಿಡದೆ ಬರೀ ಕೇಳಿಸಿಕೊಳ್ತಾರೆ. ಒಳಗೆ ಭಾಷೆ ತುಂಬಿಕೊಳ್ತಿರುತ್ತೆ, ಗಾಬರಿ ಬೇಡ. ಆದರೆ ಮನೆಯಲ್ಲಿ ಪಟಪಟ ಮಾತಾಡುವ ಮಗು, ಬರುವ ಭಾಷೆಯಲ್ಲೂ ಸ್ಕೂಲಿನಲ್ಲಿ ಒಂದು ಮಾತೂ ಆಡದೆ ತಿಂಗಳುಗಟ್ಟಲೆ ಇದ್ದರೆ, ಅದನ್ನು ತಜ್ಞರಿಗೆ ತೋರಿಸಿ.

ಭಾಷೆ ಬರದ ಜಾಗದಲ್ಲಿ ಕೂತು ಕಲಿತವರು ನಮ್ಮಲ್ಲಿ ಹೊಸಬರಲ್ಲ. ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಕನ್ನಡದ ರಾತ್ರಿ ಶಾಲೆಗಳಲ್ಲಿ ಓದಿದ ಕಥೆ ಮುಂಬಯಿ ಕನ್ನಡಿಗರ ಮನೆಮನೆಯಲ್ಲಿದೆ. ಮೊಗವೀರ ಸಮಾಜದ ರಾತ್ರಿ ಶಾಲೆ, ವಡಾಲದ ಎನ್‌ಕೆಇಎಸ್, ಡೊಂಬಿವಲಿ ಕರ್ನಾಟಕ ಸಂಘದ ಮಂಜುನಾಥ ವಿದ್ಯಾಲಯ, ಇವೆಲ್ಲ ಊರು ಬಿಟ್ಟು ಬಂದವರೇ ಕಟ್ಟಿಕೊಂಡಿದ್ದು. ನಿಮ್ಮ ಕಟ್ಟಡದಲ್ಲಿ, ಸಂಘದಲ್ಲಿ ಅಂಥ ಒಬ್ಬ ಹಿರಿಯರು ಇದ್ದರೆ ಮಗುವನ್ನು ಕರೆದುಕೊಂಡು ಹೋಗಿ, "ಮೊದಲ ದಿನ ಹೇಗಿತ್ತು ಅಜ್ಜ?" ಅಂತ ಕೇಳಿಸಿ. ನಮ್ಮ ಉಪದೇಶಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತೆ.

ರೈಲಿನ ಭಯ: ಸುಳ್ಳು ಭರವಸೆ ಬೇಡ

2025ರ ಜೂನ್ 9, ಸೋಮವಾರ ಬೆಳಿಗ್ಗೆ ಮುಂಬ್ರಾ ಸ್ಟೇಷನ್ ಹತ್ತಿರ ಎದುರುಬದುರು ಹಾದ ಎರಡು ಕಿಕ್ಕಿರಿದ ಲೋಕಲ್‌ಗಳ ಬಾಗಿಲಿನಲ್ಲಿ ನೇತಾಡುತ್ತಿದ್ದ ಪ್ರಯಾಣಿಕರು ಕೆಳಗೆ ಬಿದ್ದರು. ಆ ದಿನವೇ ನಾಲ್ವರು ತೀರಿಕೊಂಡರು. ಶಾಲೆ ಶುರುವಾಗೋಕೆ ಸರಿಯಾಗಿ ಒಂದು ವಾರ ಮೊದಲು. ಟಿವಿಯಲ್ಲಿ, ಫೋನಿನಲ್ಲಿ ಆ ದೃಶ್ಯ ಮತ್ತೆ ಮತ್ತೆ ಬಂತು. ದೊಡ್ಡವರು ಊಟ ಮಾಡ್ತಾ ಅದರ ಬಗ್ಗೆ ಮಾತಾಡಿದರು. ಮೂಲೆಯಲ್ಲಿ ಕೂತ ಮಗು ಎಲ್ಲ ಕೇಳಿಸಿಕೊಂಡಿತು. ಮುಂಬ್ರಾದಿಂದ ಐರೋಲಿಗೆ ಹೋಗುವ ಅಪ್ಪ ದಿನಾ ಹತ್ತೋದು ಅದೇ ಲೈನ್. ನಾನು ಸ್ಕೂಲಿನಲ್ಲಿದ್ದರೆ ಅಪ್ಪನಿಗೆ ಏನಾದರೂ ಆದರೆ ಯಾರಿಗೆ ಗೊತ್ತಾಗುತ್ತೆ? ಈ ಮಗುವಿನ ತಲೆಯಲ್ಲಿ ಸ್ಕೂಲಿಗಿಂತ ದೊಡ್ಡದಾಗಿ ಕೂತಿದ್ದು ಈ ಪ್ರಶ್ನೆ.

"ಏನೂ ಆಗಲ್ಲ ಪುಟ್ಟಿ" ಅಂದರೆ ನಂಬಲ್ಲ, ಯಾಕಂದರೆ ಆಗಿದ್ದನ್ನು ಅವಳು ನೋಡಿದ್ದಾಳೆ. ಬದಲಿಗೆ ಅಪ್ಪ ನಿಜವಾಗಿ ಮಾಡುವ ಕೆಲಸ ಹೇಳಬೇಕು. ಈ ಮನೆಯಲ್ಲಿ ಅಪ್ಪ ಹೇಳಿದ್ದು ಹೀಗೆ: "ಭಯ ಆಗೋದು ಸರಿ, ನನಗೂ ಆ ದಿನ ಭಯ ಆಯ್ತು. ಅದಕ್ಕೇ ನಾನು ಬಾಗಿಲಲ್ಲಿ ನಿಲ್ಲಲ್ಲ. ಒಳಗೆ ಜಾಗ ಇಲ್ಲ ಅಂದ್ರೆ ಆ ಗಾಡಿ ಬಿಟ್ಟು ಮುಂದಿನದಕ್ಕೆ ಹತ್ತೀನಿ. ಆಫೀಸಿಗೆ ಲೇಟಾದ್ರೆ ಆಗ್ಲಿ." ಹೇಳಿದ ಮೇಲೆ ಹಾಗೇ ನಡೆದುಕೊಳ್ಳಬೇಕು. ಮಕ್ಕಳ ಭಯ ಒಮ್ಮೊಮ್ಮೆ ನಮಗೂ ಪಾಠ.

ಜೊತೆಗೆ ಒಂದೇ ಒಂದು ಸುದ್ದಿ. ಐರೋಲಿ ತಲುಪಿದ ಮೇಲೆ ಅಪ್ಪ ಅಮ್ಮನಿಗೆ ಮೆಸೇಜ್ ಹಾಕೋದು, ಸಂಜೆ ಮಗಳು ಮನೆಗೆ ಬಂದಾಗ ಅದನ್ನು ನೋಡೋದು. ಮೊದಲ ವಾರ ಕ್ಲಾಸ್ ಟೀಚರ್ ಒಪ್ಪಿ, ಮಧ್ಯಾಹ್ನ ಡಬ್ಬಿ ಹೊತ್ತಿಗೆ "ಅಪ್ಪ ತಲುಪಿದ್ದಾರೆ" ಅಂತ ಒಂದು ಮಾತು ಹೇಳಿದರು. ಗಂಟೆಗೊಂದು ಫೋನ್ ಮಾಡಿಸಬೇಡಿ. ಪ್ರತಿ ಸಲ ಕೇಳಿ ಖಾತ್ರಿ ಮಾಡಿಕೊಂಡರೆ ಆ ಕ್ಷಣಕ್ಕೆ ಹಾಯಾಗುತ್ತೆ, ಮತ್ತೆ ಕೇಳುವ ಚಟ ಬೆಳೆಯುತ್ತೆ. ಇನ್ನು ಅಪಘಾತದ ವಿಡಿಯೋ ಮನೆಯಲ್ಲಿ ಬಂದ್. ಫ್ಯಾಮಿಲಿ ಗ್ರೂಪಿಗೂ ಅದೇ ನಿಯಮ.

ಮೆಟ್ಟಿಲು ಹತ್ತಿಸೋದು

ಆ ಹುಡುಗಿಗೆ ನಾವು ಕಟ್ಟಿದ ಮೆಟ್ಟಿಲು ಹೀಗಿತ್ತು. ಮೊದಲ ದಿನ ಸಂಜೆ, ಸ್ಕೂಲ್ ಬಿಟ್ಟ ಮೇಲೆ, ಗೇಟಿನವರೆಗೆ ನಡೆದು ವಾಪಸ್. ಎರಡನೇ ದಿನ ಒಳಗೆ ಹೋಗಿ ಖಾಲಿ ಕ್ಲಾಸ್ ರೂಮ್, ಬಾತ್‌ರೂಮ್ ನೋಡಿಕೊಂಡು ಬರೋದು. ಮೂರನೇ ದಿನ ಯೂನಿಫಾರ್ಮ್ ಹಾಕಿ ಎರಡು ಪೀರಿಯಡ್. ಅದರ ಮುಂದಿನ ಎರಡು ದಿನ ಡಬ್ಬಿವರೆಗೆ. ಮುಂದಿನ ವಾರ ಮರಾಠಿ ಪೀರಿಯಡ್ ಸೇರಿಸಿ ಮಧ್ಯಾಹ್ನದವರೆಗೆ. ಆಮೇಲೆ ಪೂರ್ತಿ ದಿನ.

ಇಲ್ಲಿ ಮೂರು ನಿಯಮ ಇವೆ. ಮೊದಲನೆಯದು, ವಾಪಸ್ ಬರೋದು ಗಡಿಯಾರ ನೋಡಿ, ಅಳು ನೋಡಿ ಅಲ್ಲ. 10 ಗಂಟೆಗೆ ಅಂದರೆ 10ಕ್ಕೇ. ಅತ್ತರೂ 9:30ಕ್ಕೆ ಬೇಡ, ಖುಷಿಯಾಗಿದ್ದರೂ "ಇನ್ನೊಂದು ಪೀರಿಯಡ್ ಇರು" ಅಂತ ಮಾತು ತಪ್ಪೋದೂ ಬೇಡ. ಎರಡನೆಯದು, ಒಂದು ಮೆಟ್ಟಿಲಲ್ಲಿ ಅಂಕ 3, 4ಕ್ಕೆ ಇಳಿದ ಮೇಲೆ ಮುಂದಿನದು. ಸೊನ್ನೆ ಆಗಲಿ ಅಂತ ಕಾಯಬೇಡಿ. ಮೂರನೆಯದು, ಕ್ಲಾಸ್ ಟೀಚರಿಗೆ ಈ ಪಟ್ಟಿ ಮೊದಲೇ ಬರೆದುಕೊಡಿ. ಹೆಚ್ಚಿನ ಟೀಚರ್‌ಗಳು ಕೇಳಿದರೆ ಒಪ್ತಾರೆ. ಒಪ್ಪದಿದ್ದರೆ ಡಾಕ್ಟರ್ ಅಥವಾ ಕೌನ್ಸೆಲರ್ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ.

ಮಧ್ಯೆ ಶನಿವಾರ, ಭಾನುವಾರ ಬಂದಾಗ, ಗಣೇಶ ಹಬ್ಬದ ರಜೆ ಬಂದಾಗ, ಮಳೆಗೆ ದಿಢೀರ್ ರಜೆ ಕೊಟ್ಟಾಗ ಒಂದು ಮೆಟ್ಟಿಲು ಕೆಳಗೆ ಜಾರುತ್ತೆ. ಅದು ಸಹಜ, ಮೊದಲಿಂದ ಶುರು ಅಂತ ಅಲ್ಲ.

ಮನೆಯಲ್ಲಿ ಉಳಿದ ದಿನಗಳಲ್ಲಿ ಸ್ಕೂಲ್ ಹೊತ್ತಿನಲ್ಲಿ ಟಿವಿ, ಟ್ಯಾಬ್ ಇಲ್ಲ. ಶಿಕ್ಷೆ ಅಂತಲ್ಲ, ಮನೆ ಸ್ಕೂಲಿಗಿಂತ ಮಜಾ ಆಗಬಾರದು ಅಷ್ಟೇ. ಪುಸ್ತಕ, ಬಾಕಿ ನೋಟ್ಸ್, ತರಕಾರಿ ಬಿಡಿಸೋದು.

ಹಿಂದಿನ ರಾತ್ರಿಯ ನಿದ್ದೆಯೂ ಈ ಮೆಟ್ಟಿಲಿನ ಭಾಗ. 6ರಿಂದ 12 ವರ್ಷದವರಿಗೆ 9 ಗಂಟೆಗೆ ಕಡಿಮೆ ಇಲ್ಲದ ನಿದ್ದೆ ಬೇಕು. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ 4ನೇ ತರಗತಿವರೆಗಿನ ಶಾಲೆ 9 ಗಂಟೆಗೆ ಮುಂಚೆ ಶುರುವಾಗಬಾರದು ಅಂತ ಆದೇಶ ಮಾಡಿತು. ಆದರೂ ಐದನೇ ಕ್ಲಾಸಿನ ಮೇಲೆ, ಎರಡು ಪಾಳಿಯ ಶಾಲೆಗಳಲ್ಲಿ 7ಕ್ಕೇ ಗಂಟೆ ಹೊಡೆಯೋದು ಸಾಮಾನ್ಯ. ರಜೆಯಲ್ಲಿ ರಾತ್ರಿ 11ಕ್ಕೆ ಮಲಗುತ್ತಿದ್ದ ಮಗುವನ್ನು ಒಂದೇ ದಿನ 9ಕ್ಕೆ ಮಲಗಿಸೋಕೆ ಆಗಲ್ಲ. ದಿನಕ್ಕೆ 15 ನಿಮಿಷದ ಲೆಕ್ಕದಲ್ಲಿ ಹಿಂದೆ ತಂದರೆ 8 ದಿನ ಬೇಕು. ಹಾಗಾಗಿ ಊರಿಂದ ವಾಪಸ್ ಬರುವ ಟಿಕೆಟ್ ಶಾಲೆ ಶುರುವಾಗುವ ಹಿಂದಿನ ರಾತ್ರಿಗೆ ಮಾಡಿಸಬೇಡಿ, ಒಂದು ವಾರ ಮೊದಲೇ ಬನ್ನಿ.

ಬೆಳಿಗ್ಗೆಯ ಐದು ನಿಮಿಷ

ಬೆಳಿಗ್ಗೆ ಉಪದೇಶ, ವಾದ, ಬೇಡಿಕೊಳ್ಳೋದು, ಲಂಚ ಯಾವುದೂ ಕೆಲಸ ಮಾಡಲ್ಲ. ಹೆದರಿದ ಮೆದುಳು ತರ್ಕ ಕೇಳಲ್ಲ. ಎರಡೇ ವಾಕ್ಯ ಇಟ್ಟುಕೊಳ್ಳಿ: ಒಂದು ಭಯವನ್ನು ಒಪ್ಪುವ ಮಾತು, ಒಂದು ಮುಂದಿನ ಕೆಲಸದ ಮಾತು. "ಹೊಟ್ಟೆ ತೊಳಸ್ತಾ ಇದೆ ಅಲ್ವಾ, ಗೊತ್ತು. ಶೂ ಹಾಕ್ಕೋ, ಇವತ್ತು ಡಬ್ಬಿವರೆಗೆ." ಅಷ್ಟೇ. "ಎಷ್ಟು ಸಲ ಹೇಳ್ಬೇಕು ನಿಂಗೆ", "ತಮ್ಮನ್ನ ನೋಡು, ಎಷ್ಟು ಚೆನ್ನಾಗ್ ಹೋಗ್ತಾನೆ" ಇವೆರಡೂ ಬೇಡ.

ಉಸಿರಿನ ಅಭ್ಯಾಸ ಒಂದು ಕಲಿಸಿ. ನಾಲ್ಕು ಎಣಿಸೋವರೆಗೆ ಒಳಗೆ, ಆರು ಎಣಿಸೋವರೆಗೆ ಹೊರಗೆ, ಐದಾರು ಸಲ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ನಿಧಾನವಾಗುತ್ತೆ. ಇದು ಭಯ ಓಡಿಸುವ ಮಂತ್ರ ಅಲ್ಲ, ಭಯ ಇದ್ದಾಗಲೂ ವ್ಯಾನ್ ಹತ್ತೋಕೆ ಊರುಗೋಲು. ಭಯ ಇಲ್ಲದಾಗ, ಸಂಜೆ ಹೊತ್ತು ಅಭ್ಯಾಸ ಮಾಡಿಸಿದ್ದರೆ ಮಾತ್ರ ಬೆಳಿಗ್ಗೆ ನೆನಪಾಗುತ್ತೆ.

ಮನೆಯಲ್ಲಿ ಇಬ್ಬರೂ ಒಂದೇ ಮಾತು ಆಡಬೇಕು. ಅಮ್ಮ ಹೋಗು ಅಂದು, ಅಪ್ಪ ಇವತ್ತು ಬಿಡು ಅಂದು, ಅಜ್ಜಿ ಫೋನಲ್ಲಿ ಅತ್ತರೆ ಮಗು ಯಾರ ಕಡೆ ನೋಡಬೇಕು? ಅಜ್ಜಿಗೆ ಕೆಲಸ ಕೊಡಿ. ಈ ಮನೆಯಲ್ಲಿ ಅಜ್ಜಿಗೆ ಹೇಳಿದ್ದು, "ಅಮ್ಮ, ದಿನಾ ಸಂಜೆ ಐದಕ್ಕೆ ನೀವು ಫೋನ್ ಮಾಡಿ, ಇವತ್ತು ಹೊಸ ಮರಾಠಿ ಮಾತು ಏನು ಕಲಿತೆ ಅಂತ ಕೇಳಿ." ಅಜ್ಜಿ ಒಂದು ವಾರದಲ್ಲಿ ತಾವೇ ಹತ್ತು ಮಾತು ಕಲಿತರು.

ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು

ಎರಡು ವಾರ ನೀವು ಮಾಡಬೇಕಾದ್ದು ಮಾಡಿಯೂ ಮಗು ಒಳಗೆ ಕಾಲಿಡದಿದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಅಪ್ಪ ಅಮ್ಮನನ್ನು ಬಿಟ್ಟು ಪಕ್ಕದ ರೂಮಿಗೂ ಹೋಗದಿದ್ದರೆ, ಮೊದಲು ಇಷ್ಟಪಡುತ್ತಿದ್ದ ಆಟವೂ ಬೇಡವಾದರೆ ಮಕ್ಕಳ ಮನೋವೈದ್ಯರನ್ನು ಕಾಣಿ. ಮಗು "ನಾನು ಇರಬಾರದಿತ್ತು" ಅನ್ನೋ ಥರದ ಮಾತಾಡಿದರೆ ಎರಡು ವಾರ ಕಾಯಬೇಡಿ, ಅದೇ ದಿನ ಹೋಗಿ.

ಇಲ್ಲಿ "ಥಾಣೆಗೆ ಕಳಿಸಬೇಕು" ಅನ್ನೋದು ಒಂದು ತಮಾಷೆ, ಥಾಣೆಯಲ್ಲಿ 1901ರಿಂದ ಇರುವ ಮಾನಸಿಕ ಆಸ್ಪತ್ರೆಯ ದೆಸೆಯಿಂದ. ಬೆಂಗಳೂರಲ್ಲಿ ನಾವು ನಿಮ್ಹಾನ್ಸ್ ಹೆಸರಲ್ಲಿ ಅದೇ ತಮಾಷೆ ಮಾಡ್ತೀವಿ. ಈ ತಮಾಷೆಗೆ ಹೆದರಿ ಎಷ್ಟೋ ಮನೆಯವರು ತಿಂಗಳುಗಟ್ಟಲೆ ತಡ ಮಾಡ್ತಾರೆ. ಜ್ವರಕ್ಕೆ ಹೋದಷ್ಟೇ ಸಹಜವಾಗಿ ಹೋಗಿ. ಹೆಚ್ಚಿನ ಮಕ್ಕಳಿಗೆ ಮಾತು ಮತ್ತು ಮೆಟ್ಟಿಲಿನ ಅಭ್ಯಾಸವೇ ಮುಖ್ಯ ಚಿಕಿತ್ಸೆ. ಔಷಧಿ ಬೇಕೋ ಬೇಡವೋ ವೈದ್ಯರು ಹೇಳ್ತಾರೆ.

ತಕ್ಷಣ ಮಾತಾಡೋಕೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು, ದಿನದ 24 ಗಂಟೆ, ಉಚಿತ. ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಫೋನ್ ಎತ್ತಿದವರಿಗೆ ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳಿ.

ಬಂದ ಎರಡು ಪ್ರಶ್ನೆ

"ಮತ್ತೆ ಬೆಂಗಳೂರಿಗೇ ವರ್ಗ ಕೇಳಿಬಿಡೋದು ಒಳ್ಳೆಯದಲ್ವಾ?" ಬೇರೆ ಕಾರಣಕ್ಕೆ ಹೋಗೋದಾದರೆ ಹೋಗಿ. ಭಯದ ಮಧ್ಯೆ, ಮಗು ಸ್ಕೂಲ್ ಬಿಟ್ಟಿರುವಾಗ ಆ ತೀರ್ಮಾನ ಬೇಡ. ಮೊದಲು ಮಗು ಸ್ಕೂಲಿಗೆ ಹೋಗಲಿ, ಆಮೇಲೆ ಎಲ್ಲರೂ ಕೂತು ಮಾತಾಡಿ. ಇಲ್ಲದಿದ್ದರೆ ಭಯ ಸೂಟ್‌ಕೇಸಿನಲ್ಲಿ ಕೂತು ಅಲ್ಲಿಗೂ ಬರಬಹುದು.

"ನಂಗೇ ಆಫೀಸಿಗೆ ಹೋಗೋಕೆ ಬೆಳಿಗ್ಗೆ ಹೊಟ್ಟೆ ತೊಳಸುತ್ತೆ, ನಾನೇನು ಮಗುಗೆ ಹೇಳ್ಲಿ?" ಅಂತ ಒಬ್ಬರು ಕೇಳಿದ್ದರು. ಅದನ್ನೇ ಹೇಳಿ. "ನಂಗೂ ಆಗುತ್ತೆ, ಆದ್ರೂ ಹೋಗ್ತೀನಿ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೆ." ಹೆದರದ ಅಪ್ಪನಿಗಿಂತ, ಹೆದರಿಕೊಂಡೇ ಗಾಡಿ ಹತ್ತುವ ಅಪ್ಪನಿಂದ ಮಗು ಹೆಚ್ಚು ಕಲಿಯುತ್ತೆ. ನಿಮ್ಮ ಹೊಟ್ಟೆ ತಿಂಗಳುಗಟ್ಟಲೆ ಹಾಗೇ ಇದ್ದರೆ 14416 ನಿಮಗೂ ಇದೆ.

ಮುಂಬ್ರಾದ ಹುಡುಗಿಗೆ ಪೂರ್ತಿ ದಿನ ಕೂರೋಕೆ ಐದು ವಾರ ಹಿಡಿಯಿತು. ಗಣೇಶ ಹಬ್ಬದ ರಜೆ ಮುಗಿದಾಗ ಮತ್ತೆ ಎರಡು ದಿನ ಹೊಟ್ಟೆನೋವು ಬಂತು, ಎರಡೂ ದಿನ ಹೋದಳು. ಮರಾಠಿಯಲ್ಲಿ ಇನ್ನೂ ಹಿಂದಿದ್ದಾಳೆ. ಅಮ್ಮ ಕೆಲಸದಲ್ಲಿದ್ದಾರೆ. ಅಪ್ಪ ಈಗಲೂ ಜಾಗ ಇಲ್ಲದ ಗಾಡಿ ಬಿಟ್ಟು ಮುಂದಿನದಕ್ಕೆ ಕಾಯ್ತಾರೆ.

ನಿಮ್ಮ ಮನೆಯ ಹಾಳೆಯಲ್ಲಿ ಯಾವ ಸಾಲಿಗೆ ಹೆಚ್ಚು ಅಂಕ ಬಂತು ಅಂತ ಬರೆದು ಕಳಿಸಿ. ಮುಂದಿನ ವಾರ ಹತ್ತನೇ ಕ್ಲಾಸಿನ ಮಕ್ಕಳ ಪರೀಕ್ಷೆ ಭಯದ ಬಗ್ಗೆ ಮಾತಾಡೋಣ.